ಬೋರಲು ಹಾಕಿದ ಲೋಟ

ಈ ಕೆಂಪು ಹೋಗುವುದಿಲ್ಲ, ಸೀರೆಯ ಅಂಚನ್ನು ಎಷ್ಟು ಕೊಡವಿದರೂ ಹೋಗುವುದಿಲ್ಲ, ಇಟ್ಟಿಗೆ ಧೂಳು ಕಾಲುಗುರಿನ ಸಂದಿಗೂ ಹೊಕ್ಕಿದೆ, ಬಸ್ಸಿನ ಈ ಸೀಟಿನ ಮೇಲೂ ಇದೆ, ಇದು ನಾನು ತಂದದ್ದೋ ನನಗಿಂತ ಮೊದಲು ಕೂತವರು ಬಿಟ್ಟುಹೋದದ್ದೋ, ಮಾಲೂರಿನಲ್ಲಿ ಹತ್ತಿದವರೆಲ್ಲ ಸ್ವಲ್ಪ ಸ್ವಲ್ಪ ಕೆಂಪಾಗಿಯೇ ಇರುತ್ತಾರೆ, ಅವಳ ಮೊದಲ ಕಾಗದದ ಮೂಲೆಯಲ್ಲೂ ಇಂಥದೇ ಕೆಂಪಿನ ಒಂದು ಬೆರಳಿನ ಗುರುತಿತ್ತು, ಸಣ್ಣ ಬೆರಳು, ನಾನು ಅದನ್ನು ಕುಂಕುಮ ಅಂದುಕೊಂಡಿದ್ದೆ, ದೇವರ ಮುಂದಿಟ್ಟು ಕಳಿಸಿದ್ದಾಳೆ ಪಾಪ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ಕುಂಕುಮವಂತೆ. ಹದಿನೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಇಟ್ಟಿಗೆಗೂ ಕುಂಕುಮಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಟಿಕೆಟ್ ಎಲ್ಲಿಗಮ್ಮಾ ಅಂತ ಕಂಡಕ್ಟರ್ ಎರಡನೆಯ ಸಲ ಕೇಳುತ್ತಿದ್ದಾನೆ, ಕೋಲಾರ ಒಂದು ಅಂದೆ, ಅಲ್ಲಿಂದ ಮುಳಬಾಗಿಲಿಗೆ ಇನ್ನೊಂದು ಬಸ್ಸು, ದೀಪ ಹಚ್ಚುವ ಹೊತ್ತಿಗೆ ಮನೆ, ಅಮ್ಮ ಕೇಳುತ್ತಾಳೆ, ಸಿಕ್ಕಳೇನೇ ಆ ಹುಡುಗಿ, ನಾನು ಇಲ್ಲ ಅನ್ನುತ್ತೇನೆ, ಹೋಗಲಿ ಬಿಡು ಅನ್ನುತ್ತಾಳೆ ಅಮ್ಮ, ಅಲ್ಲಿಗೆ ಮುಗಿಯಿತು. ಮುನಿಗಂಗಮ್ಮ, ಹದಿಮೂರು ವರ್ಷ, ಏಳನೇ ಕ್ಲಾಸು, ಕೋಲಾರದ ಮಕ್ಕಳ ನಿಲಯ, ನಾಲ್ಕು ವರ್ಷ ನಾನು ಓದಿಸಿದ ಹುಡುಗಿ. ಸಿಗಲಿಲ್ಲ. ಹೋದ ಅಕ್ಟೋಬರಿನಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ನಾಲ್ಕೂವರೆ ಗಂಟೆ ಕೂತಿದ್ದಳು, ಈಗ ಜನವರಿ, ಎಲ್ಲಿದ್ದಾಳೆ ಅಂತ ಹೇಳುವವರು ಒಬ್ಬರೂ ಇಲ್ಲ — ಮತ್ತೆ ಆ ಲೋಟ ಕಣ್ಣ ಮುಂದೆ ಬಂತು, ಜಗಲಿಯ ಅಂಚಿನಲ್ಲಿ ಬೋರಲು ಹಾಕಿದ ಸ್ಟೀಲ್ ಲೋಟ, ಸುತ್ತ ಉಂಗುರದ ಹಾಗೆ ನೀರು, ಬೇಡ, ಕಿಟಕಿಯ ಆಚೆ ನೋಡು ಅಂಬಾಬಾಯಿ, ನೀಲಗಿರಿ ತೋಪು ನೋಡು, ರಾಗಿ ಕೊಯ್ದ ಹೊಲ ನೋಡು.

ಬಿಡುವುದು ಅಂದರೆ ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾತುರ್ಮಾಸ್ಯ ಬಂತೆಂದರೆ ಒಂದು ತಿಂಗಳು ತರಕಾರಿ ಬಿಡು, ಒಂದು ತಿಂಗಳು ಮೊಸರು ಬಿಡು, ಆಮೇಲೆ ಹಾಲು, ಆಮೇಲೆ ಬೇಳೆ, ನಾನು ಎಂಟು ವರ್ಷದವಳಿದ್ದಾಗಲೇ ಅಳದೆ ಮೊಸರು ಬಿಟ್ಟವಳು, ಅಂಬಾ ಜಾಣೆ ಅಂತ ಇಡೀ ಬೀದಿಗೆ ಹೇಳಿದ್ದರು, ಅಣ್ಣ ಕೃಷ್ಣಮೂರ್ತಿ ಮಾತ್ರ ಪಕ್ಕದ ಮನೆಯಲ್ಲಿ ಕದ್ದು ಮೊಸರನ್ನ ತಿಂದು ಬಂದು ಮೂತಿ ಒರೆಸಿಕೊಂಡಿದ್ದ. ಅಜ್ಜಿಯಂತೂ ಕಾಶಿಯಲ್ಲಿ ಬದನೆಕಾಯಿ ಬಿಟ್ಟು ಬಂದವಳು ಮೂವತ್ತು ವರ್ಷ ಅದನ್ನೇ ಹೇಳಿದಳು, ಯಾರ ಮನೆ ಊಟಕ್ಕೆ ಹೋದರೂ ಎಲೆಯ ಮುಂದೆ ಕೂತ ಕೂಡಲೇ, ನನಗೆ ಬದನೆಕಾಯಿ ಬಡಿಸಬೇಡ ಕಣಮ್ಮ, ಕಾಶೀಲಿ ಬಿಟ್ಟಿದ್ದೀನಿ, ಆ ದನಿಯಲ್ಲಿದ್ದ ರುಚಿ ಬದನೆಕಾಯಿಯಲ್ಲಿ ಎಂದೂ ಇದ್ದಿರಲಾರದು. ನಾನು ಆ ಅಜ್ಜಿಯ ಮೊಮ್ಮಗಳು. ಎಪ್ಪತ್ತೇಳರ ಜೂನಿನಲ್ಲಿ ಮಕ್ಕಳ ನಿಲಯದ ವಾರ್ಡನ್ ಶಾಮಲಮ್ಮ ನಮ್ಮ ಸ್ಕೂಲಿಗೆ ಬಂದು, ದಿನಕ್ಕೆ ಎರಡು ಲೋಟ ಕಾಫಿ, ಒಂದು ಮೊಳ ಹೂವು ಬಿಟ್ರೆ ಒಂದು ಮಗು ಓದುತ್ತೆ ಮೇಡಂ, ತಿಂಗಳಿಗೆ ಇಪ್ಪತ್ತೈದೇ ರೂಪಾಯಿ ಅಂದಾಗ, ಉಳಿದ ಟೀಚರುಗಳು ಕಿಟಕಿಯ ಕಡೆ ನೋಡಿದರು, ನಾನು ಕೈಯೆತ್ತಿದೆ, ಉತ್ತರ ಗೊತ್ತಿರುವ ಹುಡುಗಿ ಕ್ಲಾಸಿನಲ್ಲಿ ಎತ್ತುವ ಹಾಗೆ. ಕಾಫಿ ನನಗೆ ಸಣ್ಣ ವಸ್ತುವಾಗಿರಲಿಲ್ಲ. ಗಂಡ ಇಲ್ಲ, ಮಕ್ಕಳಿಲ್ಲ, ಜಾತಕದಲ್ಲಿ ಏನೋ ಇತ್ತು, ಆ ಏನೋ ಹೋಗುವಷ್ಟರಲ್ಲಿ ವಯಸ್ಸು ಹೋಯಿತು, ಸಂಜೆ ನಾಲ್ಕೂವರೆಗೆ ಸ್ಕೂಲಿನಿಂದ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತು ಕುಡಿಯುವ ಆ ಒಂದು ಲೋಟ ನನ್ನದು, ಪೂರ್ತಿ ನನ್ನದು, ಮೊದಲ ಸಂಬಳದಲ್ಲಿ ಕೊಂಡ ಸ್ಟೀಲ್ ಲೋಟ, ಪಾತ್ರೆ ಅಂಗಡಿಯವನ ಹತ್ತಿರ ಅಂಬಾಬಾಯಿ ಅಂತ ಹೆಸರು ಕೊರೆಸಿದ್ದೆ. ಕಾಫಿ ಬಿಟ್ಟ ದಿನ ಅದನ್ನು ತೊಳೆದು ಒರೆಸಿ ಅಡಿಗೆಮನೆಯ ಮೇಲಿನ ಶೆಲ್ಫಿಗೆ ಹಾಕಿದೆ. ಒಂದು ವಾರ ತಲೆ ಸಿಡಿಯಿತು, ಅಮೃತಾಂಜನ ಹಚ್ಚಿಕೊಂಡೇ ಪಾಠ ಮಾಡಿದೆ. ಆಮೇಲೆ ಹೂವು ಬಿಟ್ಟೆ, ಆಮೇಲೆ ಗಂಧದ ಸೋಪು, ವಾರಪತ್ರಿಕೆ, ತಿಂಗಳಿಗೊಂದು ಸಲ ಅತ್ತಿಗೆಯ ಜೊತೆ ಕೋಲಾರದಲ್ಲಿ ನೋಡುತ್ತಿದ್ದ ಸಿನಿಮಾ, ಒಂದೊಂದಾಗಿ, ಅಷ್ಟೇನೂ ಬಿಡಬೇಕಾಗಿರಲಿಲ್ಲ, ಇಪ್ಪತ್ತೈದು ರೂಪಾಯಿಗೆ ಹೂವು ಕಾಫಿಯೇ ಸಾಕಾಗಿತ್ತು, ಆದರೆ ಬಿಡುವುದರಲ್ಲಿ ಕೈ ಕುದುರಿತ್ತು. ಹನ್ನೊಂದು ಗಂಟೆಗೆ ಹೋಟೆಲಿನಿಂದ ಸ್ಟಾಫ್ ರೂಮಿಗೆ ಕಾಫಿ ಬರುತ್ತದೆ, ಯಾರಾದರೂ ಹೇಳುತ್ತಾರೆ, ಅಂಬಾಬಾಯಿ ಮೇಡಂಗೆ ಬೇಡ, ಅವರು ಬಿಟ್ಟಿದ್ದಾರೆ, ಮಗು ಓದಿಸ್ತಿದ್ದಾರಲ್ಲ. ನಾನು ನೋಟ್ ಬುಕ್ಕಿನಿಂದ ತಲೆ ಎತ್ತುವುದಿಲ್ಲ, ಆದರೆ ಆ ಮಾತಿಗಾಗಿ ಹತ್ತೂವರೆಯಿಂದಲೇ ಕಾಯುತ್ತಿರುತ್ತೇನೆ, ಸುಳ್ಳು ಯಾಕೆ ಹೇಳಲಿ, ಕಾಫಿಗಿಂತ ಅದೇ ಹೆಚ್ಚು ಅಭ್ಯಾಸವಾಗಿಬಿಟ್ಟಿತ್ತು.

ನರಸಾಪುರ, ಯಾರ್ರೀ ನರಸಾಪುರ, ಇಳೀರಿ ಬೇಗ — ಪಕ್ಕದ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು ಇಳಿದಳು, ಅವಳು ಕೂತಿದ್ದ ಜಾಗ ಬೆಚ್ಚಗಿದೆ, ಅಲ್ಲಿ ನನ್ನ ಚೀಲ ಇಡುತ್ತೇನೆ, ಚೀಲದಲ್ಲಿ ಲಂಗದ ಬಟ್ಟೆ, ಹಸಿರು, ಅವಳಿಗೆಂದು ತಂದದ್ದು, ಅಳತೆ ಗೊತ್ತಿಲ್ಲದೆ ಎರಡೂವರೆ ಮೀಟರ್ ತಂದಿದ್ದೆ. ಅಳತೆ ಹೇಗೆ ಗೊತ್ತಿರಬೇಕು, ನಾಲ್ಕು ವರ್ಷದಲ್ಲಿ, ಆ ಅಕ್ಟೋಬರಿಗೆ ಮೊದಲು, ಎರಡೇ ಸಲ ನೋಡಿದ್ದೆ, ಎರಡು ಸಲವೂ ನಿಲಯದ ವೆರಾಂಡದಲ್ಲಿ, ಅವಳು ನಿಂತಿದ್ದಳು, ನಾನು ಕುರ್ಚಿಯಲ್ಲಿ ಕೂತಿದ್ದೆ. ಮೊದಲ ಸಲ ಒಂಬತ್ತು ವರ್ಷ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ, ಏನು ಕೇಳಿದರೂ ಹೂಂ ಟೀಚರಮ್ಮ, ಮಗ್ಗಿ ಹೇಳು ಅಂದೆ, ಹದಿನಾರರವರೆಗೆ ಹೇಳಿದಳು, ಹದಿನಾರೆಂಟಲ ಅನ್ನುವಲ್ಲಿ ನಿಂತು ನನ್ನ ಮುಖ ನೋಡಿದಳು, ನಾನು ಹೇಳಿಕೊಡಲಿಲ್ಲ, ತಾನೇ ಯೋಚಿಸಿ ಹೇಳಲಿ ಅಂತ ಕಾದೆ, ಹೇಳಿದಳು. ಮುನಿಶಾಮಿ ಅಂತ ಇವಳಪ್ಪ, ಊರು ಶ್ರೀನಿವಾಸಪುರದ ಆ ಕಡೆ, ಮಳೆ ನಿಂತ ಮೇಲೆ ಮಾಲೂರಿಗೆ ಬಂದು ಇಟ್ಟಿಗೆ ಕುಯ್ಯುತ್ತಾರೆ, ಜಾತಿಯಲ್ಲಿ ಅವರು — ಅಂತ ಶಾಮಲಮ್ಮ ದನಿ ತಗ್ಗಿಸಿದ್ದರು, ನಾನು ನಗುತ್ತಾ, ಅದೆಲ್ಲ ಏನಿದೆ ಬಿಡಿ ಶಾಮಲಮ್ಮ, ವಿದ್ಯೆಗೆ ಜಾತಿಯೇ ಅಂದಿದ್ದೆ, ಎಷ್ಟು ಚೆನ್ನಾಗಿ ಅಂದಿದ್ದೆ. ತಿಂಗಳಿಗೊಂದು ಕಾಗದ ಬರುತ್ತಿತ್ತು, ಪೂಜ್ಯ ಟೀಚರಮ್ಮನವರ ಪಾದಗಳಿಗೆ ನಿಮ್ಮ ಮುನಿಗಂಗಮ್ಮ ಮಾಡುವ ನಮಸ್ಕಾರಗಳು, ನಾನು ಕ್ಷೇಮ, ನೀವು ಕಳಿಸಿದ ಹಣ ತಲುಪಿತು, ಚೆನ್ನಾಗಿ ಓದುತ್ತಿದ್ದೇನೆ, ನಿಲಯದ ಮಕ್ಕಳೆಲ್ಲ ಇದನ್ನೇ ಬರೆಯುತ್ತಾರೆ, ಬೋರ್ಡಿನ ಮೇಲೆ ಬರೆದುಕೊಡುತ್ತಾರಂತೆ, ನಾನು ತಪ್ಪುಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ ಆ ಕಾಗದವನ್ನೇ ವಾಪಸು ಕಳಿಸುತ್ತಿದ್ದೆ. ಮಗುವಿನ ಕಾಗದ ತಿದ್ದಿ ವಾಪಸು ಕಳಿಸುವುದು, ನನ್ನನ್ನು ಬಿಟ್ಟು ಇನ್ಯಾರಿಗೆ ಹೊಳೆದೀತು. ಒಂದೇ ಒಂದು ಸಲ, ಆರನೇ ಕ್ಲಾಸಿನಲ್ಲಿ, ಬೋರ್ಡಿನ ಸಾಲುಗಳು ಮುಗಿದ ಮೇಲೆ ಕೆಳಗಿನ ಖಾಲಿ ಜಾಗದಲ್ಲಿ ತಾನೇ ಬರೆದಿದ್ದಳು, ಟೀಚರಮ್ಮ ನನಗೋಸ್ಕರ ನೀವು ಕಾಫಿ ಬಿಟ್ಟಿದ್ದೀರಂತೆ, ನಿಮಗೆ ತಲೆ ನೋಯುವುದಿಲ್ಲವಾ, ನಾನು ಟೀಚರು ಆದ ಮೇಲೆ ಮೊದಲ ಸಂಬಳದಲ್ಲಿ ಕಾಫಿಪುಡಿ ತಂದು ನಾನೇ ನಿಮಗೆ ಮಾಡಿಕೊಡುತ್ತೇನೆ, ಆಗ ಕುಡಿಯಿರಿ. ಅದನ್ನು ತಿದ್ದಲಿಲ್ಲ. ಮೂರು ಸಲ ಓದಿದೆ, ನನಗೆ ಯಾರೂ ಎಂದೂ ಕಾಫಿ ಮಾಡಿಕೊಡುತ್ತೇನೆ ಅಂದಿರಲಿಲ್ಲ, ಮತ್ತು ಕಾಗದ ಮಡಿಸುವುದರೊಳಗೆ ಮನಸ್ಸು ಕೇಳಿತು, ಎಲ್ಲಿ ಮಾಡುತ್ತಾಳೆ? ನಮ್ಮ ಅಡಿಗೆಮನೆಯಲ್ಲಾ? ಅಮ್ಮ ಇರುವಾಗಲಾ? ಹಾಗೆಯೇ ಕೇಳಿತು, ಕೇಳಿಸಿಕೊಂಡೆ, ಸಂತೋಷ, ಚೆನ್ನಾಗಿ ಓದು ಅಂತ ಕಾರ್ಡು ಬರೆದು ಹಾಕಿದೆ.

ಆ ದಿನ ಅಪ್ಪನ ತಿಥಿ. ದಸರಾ ರಜೆಯ ಕೊನೆಯ ಶುಕ್ರವಾರ, ಕೋಲಾರದಿಂದ ಅಣ್ಣ, ಅತ್ತಿಗೆ ಹಿಂದಿನ ದಿನವೇ ಬಂದಿದ್ದರು, ಅಮ್ಮ ನಾಲ್ಕು ಗಂಟೆಗೇ ಎದ್ದು ಮಡಿಯುಟ್ಟು ಒಲೆ ಹಚ್ಚಿದ್ದಳು, ನಾನೂ ಮಡಿಯಲ್ಲಿದ್ದೆ, ಒದ್ದೆಯಾಗಿ ಒಣಗಿದ ಸೀರೆ ಮೈಗೆ ಹಲಗೆಯಂತೆ ಅಂಟಿತ್ತು. ಹನ್ನೊಂದು ಗಂಟೆಗೆ ಬಾಗಿಲಲ್ಲಿ ನೆರಳು. ಟೀಚರಮ್ಮ. ಮೊದಲು ಗುರುತು ಸಿಗಲಿಲ್ಲ, ಎತ್ತರವಾಗಿದ್ದಳು, ಹೆಗಲಿಗೆ ಬಟ್ಟೆಯ ಚೀಲ, ಲಂಗದ ಅಂಚು ಕೆಂಪು, ನಾನು ಟೀಚರಮ್ಮ, ಮುನಿಗಂಗಮ್ಮ, ಮನಿಯಾರ್ಡರ್ ಚೀಟಿ ಮೇಲೆ ಅಡ್ರೆಸ್ ಇತ್ತಲ್ಲ, ಕೇಳ್ಕೊಂಡು ಬಂದೆ. ಸಂತೋಷವಾಗಲಿಲ್ಲ ಅಂತ ಹೇಳಲಾರೆ, ಆಯಿತು, ನನ್ನ ಮಗು ನನ್ನ ಮನೆ ಹುಡುಕಿಕೊಂಡು ಬಂದಿದೆ ಅನ್ನಿಸಿತು, ಹಾಗೆ ಅನ್ನಿಸಿದ ಕ್ಷಣವೇ ಒಂದು ಹೆಜ್ಜೆ ಹಿಂದೆ ಸರಿದೆ, ಮಡಿ. ಒಂದು ಮಾತು ಹೇಳ್ಬೇಕಿತ್ತು ಟೀಚರಮ್ಮ ಅಂದಳು. ಒಳಗಿನಿಂದ ಅಮ್ಮ, ಯಾರೇ ಅಂಬಾ ಅದು, ಇಷ್ಟು ಹೊತ್ತಿನಲ್ಲಿ. ಆಮೇಲೆ ಹೇಳುವೆಯಂತೆ ಕಣಮ್ಮ, ಇವತ್ತು ನಮ್ಮ ತಂದೆಯವರ ತಿಥಿ, ಸ್ವಲ್ಪ ಕೂತಿರು, ಊಟ ಮಾಡ್ಕೊಂಡೇ ಹೋಗಬೇಕು, ಅಂದೆ, ಪ್ರೀತಿಯಿಂದಲೇ ಅಂದೆ. ಸ್ವಲ್ಪ. ಆಚಾರ್ಯರು ಬಂದದ್ದೇ ಹನ್ನೆರಡೂವರೆಗೆ, ಬ್ರಾಹ್ಮಣರು ಉಂಡು ಎಲೆ ಎತ್ತುವವರೆಗೆ, ಪಿಂಡ ಇಟ್ಟು ಮುಗಿಯುವವರೆಗೆ, ಒಂದು ಅಗುಳು ಮನೆಯಿಂದ ಹೊರಗೆ ಹೋಗಕೂಡದು, ಮನೆಯವರೂ ಬಾಯಿಗೆ ಏನೂ ಹಾಕುವುದಿಲ್ಲ, ಇದು ಎಲ್ಲ ಮನೆಗಳಲ್ಲೂ ಇರುವುದೇ, ನಾನು ಹೊಸದಾಗಿ ಮಾಡಿದ್ದಲ್ಲ. ನೀರು ಕೊಡಬಹುದಿತ್ತು. ನೀರು ಕೊಟ್ಟೆ. ಯಾವ ಲೋಟದಲ್ಲಿ ಅನ್ನುವ ಪ್ರಶ್ನೆ ಬಂತು, ಅಮ್ಮ ನನ್ನ ಕಡೆ ನೋಡಿದಳು, ಅತ್ತಿಗೆ ನೋಡಿದಳು, ಆಗ ಮೇಲಿನ ಶೆಲ್ಫಿನಲ್ಲಿದ್ದ ನನ್ನ ಕಾಫಿ ಲೋಟ ನೆನಪಾಯಿತು, ಯಾರೂ ಮುಟ್ಟದ್ದು, ಎಲ್ಲರಿಗೂ ಸಮಾಧಾನ, ಅದನ್ನು ಜಗಲಿಯ ಮೇಲಿಟ್ಟು ಚೊಂಬಿನಿಂದ ಮೇಲಿನಿಂದಲೇ ಹೊಯ್ದೆ. ಅವಳು ಲೋಟ ಎತ್ತಿ ಹೆಸರು ಓದಿದಳು, ಅಂಬಾಬಾಯಿ, ಇದು ನಿಮ್ದಾ ಟೀಚರಮ್ಮ ಅಂದಳು, ಎಷ್ಟು ನಗು ಆ ಮುಖದಲ್ಲಿ. ಹೂಂ, ನನ್ನ ಕಾಫಿ ಲೋಟ ಅಂದೆ. ಅವಳು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ನಾನು ಒಳಗೆ ಹೋದೆ. ಒಂದು ಗಂಟೆ, ಎರಡು ಗಂಟೆ, ಒಳಗೆ ಹೊಗೆ, ಮಂತ್ರ, ಪಾಯಸ ಕುದಿಯುವ ವಾಸನೆ ಜಗಲಿಗೂ ಹೋಗಿರುತ್ತದೆ, ನಡುವೆ ಒಂದು ಸಲ ಕಿಟಕಿಯಿಂದ ನೋಡಿದೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು, ನಿಲಯದ ಮಕ್ಕಳು ಚೀಲವನ್ನು ಎಲ್ಲೂ ಬಿಡುವುದಿಲ್ಲ. ಏನು ಮಾತು ಅಂತ ಆಗ ಕೇಳಬಹುದಿತ್ತು. ಕಿಟಕಿಯಿಂದಲೇ ಕೇಳಬಹುದಿತ್ತು, ಮಾತಿಗೆ ಮೈಲಿಗೆಯಿಲ್ಲ, ಕೇಳಲಿಲ್ಲ, ಊಟವಾದ ಮೇಲೆ ನಿಧಾನವಾಗಿ ಕೂತು ಕೇಳೋಣ ಅಂದುಕೊಂಡೆ, ಪುಸ್ತಕವೋ ಬಟ್ಟೆಯೋ ಬೇಕಿರಬೇಕು ಅಂದುಕೊಂಡೆ. ಮೂರೂವರೆಗೆ ಹೊರಗೆ ಬಂದಾಗ ಇರಲಿಲ್ಲ. ಲೋಟ ಮಾತ್ರ ಬೋರಲಾಗಿತ್ತು. ಅಮ್ಮಾ, ಹುಡುಗಿ ಹೊರಟುಹೋಗಿದ್ದಾಳೆ ಅಂದೆ, ಇನ್ನೊಂದು ನಿಮಿಷ ಕಾಯೋಕೆ ಆಗಲಿಲ್ವೇ, ಏನು ಮಕ್ಕಳೋ ಅಂದಳು ಅಮ್ಮ, ಅವಳಿಗೆಂದು ಬಡಿಸಿದ ಎಲೆಯನ್ನು ಬೀದಿಯ ಹಸುವಿಗೆ ಹಾಕಿದರು. ಹೀಗೆ. ಹೀಗೆಂದೇ ಎಲ್ಲರಿಗೂ ಹೇಳಿದ್ದೇನೆ, ಶಾಮಲಮ್ಮನಿಗೂ ಇವತ್ತು ಬೆಳಿಗ್ಗೆ ಹೀಗೆಂದೇ ಹೇಳಿದೆ.

ಶಾಮಲಮ್ಮ ನವೆಂಬರಿನಲ್ಲೇ ಬರೆದಿದ್ದರು, ಮುನಿಗಂಗಮ್ಮ ರಜೆ ಮುಗಿದರೂ ಬಂದಿಲ್ಲ, ಹಣ ಸದ್ಯಕ್ಕೆ ಕಳಿಸಬೇಡಿ. ನಾನು ಹೋಗಿ ವಿಚಾರಿಸಬೇಕಿತ್ತು, ಚಾತುರ್ಮಾಸ್ಯ ಮುಗಿಯಲಿ ಅಂದುಕೊಂಡೆ, ಪರೀಕ್ಷೆ ಮುಗಿಯಲಿ ಅಂದುಕೊಂಡೆ, ಅಮ್ಮನಿಗೆ ಜ್ವರ ಬಂತು, ಅಂತೂ ಇವತ್ತು ಎರಡನೇ ಶನಿವಾರ, ಬೆಳಿಗ್ಗೆ ನಿಲಯಕ್ಕೆ ಹೋದೆ. ಶಾಮಲಮ್ಮ ನನ್ನ ಮುಖ ನೋಡದೆ ಹೇಳಿದರು, ನಾನೇ ಅವಳಿಗೆ ಹೇಳಿದ್ದು ಮೇಡಂ, ರಜೆಗೆ ಹೋಗೋವಾಗಲೇ ಅಳ್ತಿದ್ಲು, ನಮ್ಮಪ್ಪ ದೂರದ ಇಟ್ಟಿಗೆ ಗೂಡಿಗೆ ಒಪ್ಕೊಂಡಿದ್ದಾನೆ, ನನ್ನನ್ನೂ ಕರ್ಕೊಂಡು ಹೋಗ್ತಾನೆ, ವಾಪಸು ಬಿಡಲ್ಲ ಅಂತ, ಹಾಗೇನಾದ್ರೂ ಆದ್ರೆ ನಿಮ್ಮ ಟೀಚರಮ್ಮನ ಮನೆಗೆ ಹೋಗ್ಬಿಡು, ಸೋಮವಾರ ನಿಲಯ ತೆಗೆಯೋವರೆಗೆ ಮೂರು ದಿನ ಇಟ್ಕೋತಾರೆ, ನಿನಗೋಸ್ಕರ ಅಷ್ಟೆಲ್ಲ ಬಿಟ್ಟವರು ಅಂತ. ಮೂರು ದಿನ. ಅದು ಆ ಒಂದು ಮಾತು. ಮೂರು ದಿನ ನಾನು ಎಲ್ಲಿಟ್ಟುಕೊಳ್ಳುತ್ತಿದ್ದೆ, ಜಗಲಿಯಲ್ಲಾ, ಹಿತ್ತಲ ಸೌದೆ ಕೊಟ್ಟಿಗೆಯಲ್ಲಾ, ಅಮ್ಮನಿಗೆ ಏನು ಹೇಳುತ್ತಿದ್ದೆ, ಗೊತ್ತಿಲ್ಲ, ಆದರೂ ಇಟ್ಟುಕೊಳ್ಳುತ್ತಿದ್ದೆ, ಇಟ್ಟುಕೊಳ್ಳುತ್ತಿದ್ದೆ ಅಂತ ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಮತ್ತೆ ಶಾಮಲಮ್ಮ ಡ್ರಾಯರಿನಿಂದ ಒಂದು ಫೋಟೋ ತೆಗೆದು, ಇನ್ನೊಂದು ಹುಡುಗಿ ಇದ್ದಾಳೆ ಮೇಡಂ, ಆದಿಲಕ್ಷ್ಮಿ ಅಂತ, ತಾಯಿಯಿಲ್ಲ, ಬಲೇ ಚೂಟಿ, ನೀವು ಹೂಂ ಅಂದ್ರೆ ಸಾಕು ಅಂದರು. ನಾನು ಫೋಟೋ ಚೀಲದಲ್ಲಿ ಹಾಕಿಕೊಂಡು ಮಾಲೂರಿನ ಬಸ್ಸು ಹತ್ತಿದೆ. ಗೂಡಿನ ಹತ್ತಿರ ಸುಬ್ಬರಾಯಪ್ಪ ಅನ್ನುವ ಮೇಸ್ತ್ರಿ ಬೀಡಿ ಕೆಳಗೆ ಹಾಕಿ ನಿಂತ, ಮುನಿಶಾಮಿನಾ, ಅವ್ನು ದಸರಾ ಆದ್ಮೇಲೆ ಎಲ್ರನ್ನೂ ಕಟ್ಕಂಡು ಒಸೂರ್ ಕಡೆ ಓದ್ನಲ್ಲಮ್ಮ, ಅಲ್ಲೂ ಇಲ್ವಂತೆ ಈಗ, ಸೇಲಮ್ಮೋ ಎತ್ಲಾಗೋ, ಹುಡ್ಗೀನೂ ಆಳು ಲೆಕ್ಕಕ್ಕೆ ಸೇರ್ಸಿ ಮುಂಗಡ ಈಸ್ಕಂಡವ್ನೆ, ಇನ್ನು ಎಲ್ಲಿ ಬಿಡ್ತಾರೆ, ಮುದುಕೀನ ಮಾತ್ರ ಇಲ್ಲೇ ಬಿಟ್ಟೋಗವ್ನೆ, ಕಣ್ ಕಾಣಲ್ಲ, ಕೆಲ್ಸಕ್ಕೆ ಬರಲ್ಲ ಅಂತ. ಗರಿ ಹೊದಿಸಿದ ಗುಡಿಸಲು, ಬಗ್ಗಿ ಒಳಗೆ ಹೋಗಬೇಕು, ನಾನು ಹೊರಗೇ ನಿಂತೆ. ದೊಡ್ಡಮುನಿಯಮ್ಮ, ಗಂಗಿಯ ಅಜ್ಜಿ, ಕಣ್ಣಿನಲ್ಲಿ ಹಾಲು ಕಟ್ಟಿದ ಹಾಗೆ ಬಿಳಿ, ಎವರಮ್ಮಾ ಅಂದಳು, ಹೇಳಿದೆ, ಟೀಚರಮ್ಮನಾ, ನಮ್ಮ ಗಂಗಿ ಟೀಚರಮ್ಮನಾ, ಕೂಚೋ ತಲ್ಲೀ, ಕೂತ್ಕೊ, ಅಂತ ಕೈಯಿಂದ ತಡಕಿ ಗೋಣಿಚೀಲ ಹಾಸಿದಳು. ಕೂತೆ. ನಿಮ್ ಮನೆಗೆ ಓಗಿದ್ದೆ ಅಂತ ಬಂದು ಏಳ್ತು ತಲ್ಲೀ, ಅವರಪ್ಪನ ತಿಥಿ ಇತ್ತಜ್ಜೀ, ಎಲೆ ತುಂಬ ಬಡಿಸಿದ್ರು, ಪಾಯಸ ಎರಡು ಕಿತ ಆಕಿದ್ರು, ಒಟ್ಟೆ ತುಂಬೋಯ್ತು ಅಂತು, ಆ ರಾತ್ರಿ ಇಲ್ಲಿ ಏನೂ ತಿನ್ನಲೇ ಇಲ್ಲ. ಮೂರ್ ದಿನ ಇರ್ತೀನಿ ಅಂತ ಕೇಳ್ದೇನೇ ಅಂದೆ, ಟೀಚರಮ್ಮಂಗೆ ಕೆಲ್ಸ ಜಾಸ್ತಿ ಇತ್ತು ಕಣಜ್ಜೀ, ಕೇಳಕ್ಕಾಗ್ಲಿಲ್ಲ ಅಂತು. ಬೆಳಗಾಗೆದ್ರೆ ಲಾರಿ ಬಂತು.

ಪಾಯಸ ಎರಡು ಸಲ. ಅದನ್ನು ಯಾರಿಗಾಗಿ ಹೇಳಿದಳು, ಅಜ್ಜಿಗಾಗಿಯೋ, ತನ್ನ ಮಾನಕ್ಕಾಗಿಯೋ, ನನ್ನ ಮಾನಕ್ಕಾಗಿಯೋ, ಹದಿಮೂರು ವರ್ಷದವಳು ನನ್ನ ಮಾನ ಕಾಪಾಡಿದಳು. ಮುದುಕಿ ಮೂರು ಇಟ್ಟಿಗೆಯ ಒಲೆಯ ಮೇಲಿಂದ ಅಲ್ಯೂಮಿನಿಯಮ್ ಪಾತ್ರೆ ಇಳಿಸಿ, ಕಾಫಿ ಕುಡೀತೀಯಾ ತಲ್ಲೀ, ಬೆಲ್ಲದ್ದು, ಆಲಿಲ್ಲ ಅಂದಳು, ಬೆಲ್ಲದ ಕಾಫಿಯ ವಾಸನೆ ನೇರ ಮೂಗಿಗೆ ಬಂತು, ನಾಲ್ಕೂವರೆ ವರ್ಷದ ಮೇಲೆ ಅಷ್ಟು ಹತ್ತಿರದಲ್ಲಿ, ಬಾಯಲ್ಲಿ ನೀರೂರಿತು, ನಿಜವಾಗಿ ಊರಿತು, ಮತ್ತು ಕೈ ಮುಂದೆ ಹೋಗಲಿಲ್ಲ. ಆ ಲೋಟ, ಆ ಕೈ, ಆ ಗುಡಿಸಲು. ನಾನು ಕಾಫಿ ಬಿಟ್ಟಿದ್ದೀನಿ ಅಜ್ಜಿ ಅಂದೆ. ನಮ್ಮಜ್ಜಿಯ ದನಿಯೇ ನನ್ನ ಬಾಯಲ್ಲಿ, ಕಾಶಿಯ ಬದನೆಕಾಯಿಯ ದನಿ. ಔನು ತಲ್ಲೀ, ಗಂಗಿ ಏಳ್ತಿತ್ತು, ನನಗೋಸ್ಕರ ಬಿಟ್ಟವ್ರೆ ಅಂತ, ಅಂದು ಮುದುಕಿ ಕೈಮುಗಿದಳು, ನಾನು ಕೂತ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ. ಸುಳ್ಳು ಹೇಳಲಿಲ್ಲ, ಬಿಟ್ಟಿರುವುದು ನಿಜವೇ, ಆ ನಿಜ ಇಂಥ ಕೆಲಸಕ್ಕೂ ಬರುತ್ತದೆ ಅಂತ ತಿಳಿದಿರಲಿಲ್ಲ. ಕೋಲಾರ, ಕೋಲಾರ, ಲಾಸ್ಟ್ ಸ್ಟಾಪು, ಇಳೀರಿ — ಇಳಿದೆ, ಮುಳಬಾಗಿಲಿನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಂತೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಸೋಸುತ್ತಿದ್ದಾನೆ, ಬೆಂಚಿನ ಮೇಲೆ ಕೂತಿದ್ದೇನೆ, ಈಗ ಕುಡಿದರೆ ಏನು, ಯಾರಿಗಾಗಿ ಬಿಟ್ಟಿದ್ದೇನೆ ಇನ್ನು, ಅವಳು ಸೇಲಮ್ಮಿನಲ್ಲೋ ಎಲ್ಲೋ ಹಸಿ ಇಟ್ಟಿಗೆ ಹೊರುತ್ತಿದ್ದಾಳೆ, ನಾನು ಕುಡಿಯದಿದ್ದರೆ ಅವಳ ತಲೆಯ ಮೇಲಿನ ಒಂದು ಇಟ್ಟಿಗೆ ಕಡಿಮೆಯಾಗುವುದಿಲ್ಲ, ಕುಡಿದರೆ ಒಂದು ಹೆಚ್ಚಾಗುವುದಿಲ್ಲ, ಕುಡಿಯುವುದಿಲ್ಲ, ನನಗೆ ಗೊತ್ತು, ಸೋಮವಾರ ಶಾಮಲಮ್ಮನಿಗೆ ಹೂಂ ಅಂತ ಕಾರ್ಡು ಬರೆಯುತ್ತೇನೆ, ಹಸಿರು ಬಟ್ಟೆ ಆದಿಲಕ್ಷ್ಮಿಗಾಗುತ್ತದೆ, ಹನ್ನೊಂದು ಗಂಟೆಗೆ ಮೇಡಂಗೆ ಬೇಡ ಅನ್ನುತ್ತಾರೆ, ನಾನು ತಲೆ ಎತ್ತುವುದಿಲ್ಲ.

ಹೊರಗೆ ಬಂದಾಗ ಅವಳು ಇರಲಿಲ್ಲ. ಇರಲಿಲ್ಲವೇ ಅಂಬಾಬಾಯಿ? ಇಲ್ಲಿ ಕೇಳುವವರು ಯಾರೂ ಇಲ್ಲ, ಹೇಳು. ಇದ್ದಳು. ಮೂರೂವರೆಗೆ ನಾನು ಬಾಗಿಲಿಗೆ ಬಂದಾಗ ಜಗಲಿಯ ಮೇಲೆ ಎದ್ದು ನಿಂತಳು, ಆಯ್ತು ಕಣಮ್ಮ, ಎಲೆ ತರ್ತೀನಿ, ಕೈಕಾಲು ತೊಳ್ಕೊಂಡು ಬಾ ಅಂದೆ, ಮುಖ ಅರಳಿತು, ಚೀಲ ಹೆಗಲಿಗೆ ಹಾಕಿಕೊಂಡು ಬೀದಿಯ ನಲ್ಲಿಯ ಕಡೆ ಓಡಿದಳು, ನಮ್ಮ ಮನೆಯ ನೀರು ಕೇಳಬಾರದು ಅಂತ ಅವಳಿಗೆ ಯಾರು ಹೇಳಿಕೊಟ್ಟಿದ್ದರೋ. ನನ್ನ ಕೈಯಲ್ಲಿ ಚೊಂಬಿತ್ತು, ಊಟಕ್ಕೆ ಅವಳ ಲೋಟಕ್ಕೆ ನೀರು ಹಾಕಲು ತಂದದ್ದು. ಲೋಟ ಅಂಚಿನಲ್ಲಿ ಬೋರಲಾಗಿತ್ತು, ಸುತ್ತ ನೀರಿನ ಉಂಗುರ. ಎತ್ತಬೇಕಿತ್ತು, ನೆಟ್ಟಗಿಟ್ಟು ನೀರು ಹಾಕಬೇಕಿತ್ತು, ನನ್ನ ಕೈ ನನ್ನನ್ನು ಕೇಳಲಿಲ್ಲ, ಚೊಂಬು ಬಾಗಿತು, ಲೋಟದ ಬೆನ್ನಿನ ಮೇಲೆ ನೀರು ಸುರಿಯಿತು, ಒಂದು ಸಲ, ಎರಡು ಸಲ, ಮುಟ್ಟುವ ಮೊದಲು ಶುದ್ಧಿ, ಆಮೇಲೆ ಎರಡು ಬೆರಳಿನಲ್ಲಿ ಎತ್ತಿದೆ, ನನ್ನ ಹೆಸರಿನ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು, ತಲೆ ಎತ್ತಿದೆ, ಅವಳು ನಲ್ಲಿಯ ಹತ್ತಿರ ಈ ಕಡೆಗೇ ತಿರುಗಿ ನಿಂತಿದ್ದಳು, ಕೈ ಒದ್ದೆ, ಮುಖ ಒದ್ದೆ, ನೋಡುತ್ತಿದ್ದಳು. ಮೊದಲು ಲೋಟ ನೋಡಿದಳು, ಆಮೇಲೆ ನನ್ನನ್ನು. ಮುಖದಲ್ಲಿ ಸಿಟ್ಟಿರಲಿಲ್ಲ. ಹದಿನಾರೆಂಟಲ ಅನ್ನುವಲ್ಲಿ ನಿಂತು ನನ್ನ ಮುಖ ನೋಡಿದ್ದಳಲ್ಲ, ಹಾಗೆಯೇ. ನಾನು ಹೇಳಿಕೊಡಲಿಲ್ಲ. ಅವಳು ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು, ಓಡಲಿಲ್ಲ, ಒಂದು ಕೂಗು ಕೂಗಿದ್ದರೆ ಸಾಕಿತ್ತು, ಗಂಗೀ ಅಂತ ಒಂದು ಕೂಗು, ಮಡಿಯಲ್ಲಿ ಬೀದಿಯಲ್ಲಿ ಕೂಗಬಾರದು, ಹಸಿದಿದ್ದಾಳೆ, ಬರುತ್ತಾಳೆ ಅಂದುಕೊಂಡೆ, ಒಳಗೆ ಹೋಗಿ, ಅಮ್ಮಾ, ಹುಡುಗಿ ಹೊರಟುಹೋಗಿದ್ದಾಳೆ ಅಂದೆ, ಲೋಟ ಕೈಯಲ್ಲೇ ಇತ್ತು — ಮುಳಬಾಗಿಲು, ಮುಳಬಾಗಿಲು, ಬನ್ರೀ — ಏಳಬೇಕು, ಬಸ್ಸು ಬಂದಿದೆ, ಏಳಲಾಗುತ್ತಿಲ್ಲ, ಜಗಲಿಯ ಅಂಚು, ಬೋರಲು ಹಾಕಿದ ಲೋಟ, ಸುತ್ತ ನೀರು, ಆ ನೀರು ನಾನು ಸುರಿದದ್ದಲ್ಲ, ನಾನು ಸುರಿಯುವ ಮೊದಲೇ ಇದ್ದದ್ದು, ಬೀದಿಯ ನಲ್ಲಿಯದು, ಆ ಲೋಟವನ್ನು ಅವಳು ತೊಳೆದಿಟ್ಟಿದ್ದಳು, ನಾನು ಒಳಗಿದ್ದಾಗ ಯಾವಾಗಲೋ ನಲ್ಲಿಗೆ ತೆಗೆದುಕೊಂಡು ಹೋಗಿ, ಮಣ್ಣು ಹಾಕಿ ಉಜ್ಜಿ, ತೊಳೆದು, ಬೋರಲು ಹಾಕಿದ್ದಳು.